ಫೋನಿಗೆ ಬೀಗ ಹಾಕೋ ಟೈಮರ್ ಡಬ್ಬಿ: ಕೆಲವು ತಿಂಗಳು ಬಳಸಿದ ಮೇಲೆ ಬರೆದ ಉದ್ದದ ರಿವ್ಯೂ

ಮೊದ್ಲು ವಸ್ತು ಏನು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಆಮೇಲೆ ನಾನು ಎಲ್ಲೆಲ್ಲಿಗೋ ಹೋಗೋಳೇ. ಇದೊಂದು ಪ್ಲಾಸ್ಟಿಕ್ ಡಬ್ಬಿ, ಒಂದು ಕೆಜಿ ಬೇಳೆ ಹಿಡಿಯೋಷ್ಟು ದೊಡ್ಡದು, ದಪ್ಪ ಮುಚ್ಚಳ, ಮುಚ್ಚಳದ ಮಧ್ಯೆ ತಿರುಗಿಸೋ ಗುಂಡಿ, ಅಲ್ಲೇ ಸಣ್ಣ ಡಿಸ್‌ಪ್ಲೇ. ಫೋನ್ ಒಳಗಿಟ್ಟು ಮುಚ್ಚಿ, ಗುಂಡಿ ತಿರುಗಿಸಿ ಎಷ್ಟು ಗಂಟೆ ಅಂತ ಸೆಟ್ ಮಾಡಿ ಒತ್ತಿದ್ರೆ ಐದರಿಂದ ಕೆಳಗೆ ಎಣಿಸೋಕೆ ಶುರು ಮಾಡತ್ತೆ. ಆ ಐದು ಸೆಕೆಂಡ್ ಒಳಗೆ ಇನ್ನೊಂದ್ಸಲ ಒತ್ತಿದ್ರೆ ಕ್ಯಾನ್ಸಲ್, ಒತ್ತಲಿಲ್ವಾ, ಒಳಗಡೆ ಕಟಕ್ ಅಂತ ಚಿಲಕ ಬಿತ್ತು, ಅಲ್ಲಿಗೆ ಮುಗೀತು, ಟೈಮ್ ಆಗೋವರ್ಗೂ ಯಾರ ಮಾತೂ ಕೇಳಲ್ಲ. ಪಾಸ್‌ವರ್ಡ್ ಇಲ್ಲ, ಇನ್ನೊಂದು ಕೀಲಿ ಇಲ್ಲ, ಬ್ಯಾಟರಿ ಕಿತ್ತು ಹಾಕಿದ್ರೂ ಚಿಲಕ ಬಿದ್ದಂಗೇ ಇರತ್ತೆ. ನಾನು ಕೊಟ್ಟಿದ್ದು ಸಾವಿರದ ಇನ್ನೂರು ಚಿಲ್ರೆ, ಆಫರ್‌ನಲ್ಲಿ ಕಮ್ಮಿಗೂ ಸಿಗತ್ತೆ. ಬ್ರ್ಯಾಂಡ್ ಹೆಸರು ಹೇಳಿ ಪ್ರಯೋಜನ ಇಲ್ಲ, ಒಂದೇ ಡಬ್ಬಿನ ಹತ್ತಾರು ಹೆಸರಲ್ಲಿ ಮಾರ್ತಾರೆ.

ಡಬ್ಬಿ ಚೆನ್ನಾಗಿದ್ಯಾ ಅಂದ್ರೆ, ಚೆನ್ನಾಗಿದೆ. ಆದ್ರೆ ಇದನ್ನ ತಗೊಂಡ ಮೇಲೆ ನನ್ನ ತಲೇಲಿ ಶುರುವಾಗಿದ್ದು ಬೇರೆ ಪ್ರಶ್ನೆ, ಈ ಡಬ್ಬಿ ನನ್ನ ಸ್ವಾತಂತ್ರ್ಯ ಕಿತ್ಕೊಳ್ತಿದ್ಯಾ ಇಲ್ಲಾ ವಾಪಸ್ ಕೊಡ್ತಿದ್ಯಾ ಅಂತ. ಬೇರೆ ರಿವ್ಯೂಗಳಲ್ಲಿ ಬಿಲ್ಡ್ ಕ್ವಾಲಿಟಿ, ಬ್ಯಾಟರಿ ಲೈಫ್ ಎಲ್ಲಾ ಇದೆ, ಇದೊಂದು ಇಲ್ಲ, ಅದಕ್ಕೇ ಬರೀತಿದೀನಿ. ಬರೀ ತಗೋಬೇಕಾ ಬೇಡ್ವಾ ಅಂತ ತಿಳ್ಕೊಳೋಕೆ ಬಂದವ್ರು ಸೀದಾ ಕೊನೆಯ ಎರಡು ಪ್ಯಾರಾಗೆ ಹೋಗಿ, ಬೇಜಾರಿಲ್ಲ.

ಸಮಸ್ಯೆ ಎಲ್ರಿಗೂ ಗೊತ್ತಿರೋದೇ. ನಮ್ಮ ಏರಿಯಾಗೆ ನೀರು ಬೆಳಿಗ್ಗೆ ಐದೂವರೆಗೆ ಬಿಡ್ತಾರೆ, ಹತ್ತೂವರೆಗೆ ಮಲಗಿದ್ರೆ ಒಳ್ಳೇದು ಅಂತ ನಂಗೆ ಗೊತ್ತು, ಮಲಗಬೇಕು ಅಂತ ಆಸೆನೂ ಇದೆ, ಕಣ್ಣೂ ಉರೀತಿದೆ, ಆದ್ರೂ ಹನ್ನೆರಡೂವರೆಗೆ ಯಾರೋ ಯಾವ್ದೋ ದೇಶದಲ್ಲಿ ಕೊಳಕು ಕಾರ್ಪೆಟ್ ತೊಳೀತಿರೋ ವಿಡಿಯೋ ನೋಡ್ತಾ ಇರ್ತೀನಿ. ಯಾರೂ ಬಲವಂತ ಮಾಡಿಲ್ಲ, ಕೈ ನಂದೇ, ಬೆರಳು ನಂದೇ. ಹಾಗಾದ್ರೆ ನೋಡ್ತಿರೋದು ನನ್ನ ಇಷ್ಟಾನೇ ತಾನೇ?

ಸಾಕ್ರಟೀಸ್ ಪ್ರಕಾರ ಇಂಥದ್ದು ಆಗೋದೇ ಇಲ್ಲ. ಪ್ಲೇಟೋ ಬರೆದಿರೋ ಸಂವಾದದಲ್ಲಿ ಅವನ ವಾದ ಏನು ಅಂದ್ರೆ, ಯಾವ್ದು ಒಳ್ಳೇದು ಅಂತ ನಿಜವಾಗ್ಲೂ ಗೊತ್ತಿದ್ದವನು ಅದಕ್ಕಿಂತ ಕೆಟ್ಟದ್ದನ್ನ ಬೇಕಂತ ಆರಿಸಲ್ಲ, ಆರಿಸಿದಾನೆ ಅಂದ್ರೆ ಅವನಿಗೆ ಸರಿಯಾಗಿ ಗೊತ್ತೇ ಇಲ್ಲ ಅಂತ ಅರ್ಥ. ಕೇಳೋಕೆ ಭಾರಿ ಚೆನ್ನಾಗಿದೆ, ಆದ್ರೆ ಹನ್ನೆರಡೂವರೆಗೆ ನಂಗೆ ಗೊತ್ತಿರತ್ತೆ ಸ್ವಾಮಿ, ಗಡಿಯಾರ ಸ್ಕ್ರೀನ್ ಮೇಲೇ ಇರತ್ತಲ್ಲ. ಅರಿಸ್ಟಾಟಲ್‌ಗೂ ಇದು ಒಪ್ಪಿಗೆ ಆಗ್ಲಿಲ್ಲ. ತನ್ನ ನೀತಿಶಾಸ್ತ್ರ ಅನ್ನೋ ಗ್ರಂಥದ ಏಳನೇ ಪುಸ್ತಕದಲ್ಲಿ ಅವನು ಹೇಳೋದು ಕುಡಿದವನ ಉದಾಹರಣೆ, ಕುಡಿದ ಮತ್ತಲ್ಲಿ ಒಬ್ಬ ಎಂಪೆಡೊಕ್ಲಿಸ್ ಅನ್ನೋ ಹಳೇ ಗ್ರೀಕ್ ದಾರ್ಶನಿಕನ ಪದ್ಯಗಳನ್ನ ಗಡಗಡ ಒಪ್ಪಿಸ್ತಾನೆ, ಮಾತು ಸರಿಯಾಗೇ ಬರತ್ತೆ, ಆದ್ರೆ ಆ ಮಾತು ಆಗ ಅವನ ಒಳಗೆ ಕೆಲಸ ಮಾಡ್ತಾ ಇರಲ್ಲ. ಅಯ್ಯೋ ಟೈಮಾಯ್ತು ಮಲಗ್ಬೇಕು ಅಂತ ನಾನು ಹೇಳ್ಕೊಳೋದೂ ಥೇಟ್ ಇದೇ ಥರ. ಹೇಳ್ತಾ ಹೇಳ್ತಾನೇ ಮೇಲಕ್ಕೆ ಸ್ವೈಪ್.

ನಮ್ಮನೇಲಿ ಈ ಚರ್ಚೆ ಶುರುವಾಗಿದ್ದು ಅತ್ತೆಯಿಂದ. ಅವ್ರು ಪ್ರವಚನಕ್ಕೆ ತಪ್ಪದೆ ಹೋಗೋವ್ರು. ಡಬ್ಬಿ ಬಂದ ದಿನ ತಿರುಗಿಸಿ ಮುರುಗಿಸಿ ನೋಡಿ, ಇದನ್ನ ಅರ್ಜುನ ಆಗ್ಲೇ ಕೇಳಿದಾನೆ ಕಣೇ ಅಂದ್ರು. ಗೀತೆಯ ಮೂರನೇ ಅಧ್ಯಾಯದ 36ನೇ ಶ್ಲೋಕ, ತನಗೆ ಇಷ್ಟ ಇಲ್ದಿದ್ರೂ ಯಾರೋ ಬಲವಂತವಾಗಿ ತಳ್ಳಿದ ಹಾಗೆ ಮನುಷ್ಯ ಪಾಪ ಮಾಡ್ತಾನಲ್ಲ, ಅವನನ್ನ ತಳ್ಳೋದು ಯಾವ್ದು ಅಂತ. ಕೃಷ್ಣನ ಉತ್ತರ ಕಾಮ, ಕ್ರೋಧ, ರಜೋಗುಣದಿಂದ ಹುಟ್ಟಿದ್ದು ಅಂತ. ನಂಗೆ ಉತ್ತರಕ್ಕಿಂತ ಪ್ರಶ್ನೆನೇ ಹಿಡಿಸ್ತು, ಯಾಕಂದ್ರೆ ತಳ್ಳಿದ ಹಾಗೆ ಅಂತಿದಾನೆ, ತಳ್ತಾರೆ ಅಂತ ಹೇಳ್ತಿಲ್ಲ. ಹಿಂದೆ ತಿರುಗಿ ನೋಡಿದ್ರೆ ಯಾರೂ ಇರಲ್ಲ, ಅದೇ ತಾನೇ ಕಷ್ಟ.

ಈಗ ಆ ಐದು ಸೆಕೆಂಡ್ ವಿಷಯಕ್ಕೆ ಬರ್ತೀನಿ. 1983ರಲ್ಲಿ ಅಮೆರಿಕದ ಬೆಂಜಮಿನ್ ಲಿಬೆಟ್ ಅನ್ನೋ ವಿಜ್ಞಾನಿ ಒಂದು ಪ್ರಯೋಗ ಪ್ರಕಟ ಮಾಡಿದ್ರು, ಇಚ್ಛಾಸ್ವಾತಂತ್ರ್ಯ ಇಲ್ಲ ಅಂತ ವಾದ ಮಾಡೋವ್ರೆಲ್ಲ ಮೊದ್ಲು ಎತ್ತೋದೇ ಇದನ್ನ. ಜನರ ತಲೆಗೆ ಎಲೆಕ್ಟ್ರೋಡ್ ಹಾಕಿ ಕೂರಿಸಿ, ನಿಮಗೆ ಯಾವಾಗ ಅನ್ಸತ್ತೋ ಆಗ ಕೈ ಆಡಿಸಿ ಅಂದ್ರು, ಎದುರುಗಡೆ ಎರಡೂವರೆ ಸೆಕೆಂಡಿಗೆ ಒಂದು ಸುತ್ತು ಹಾಕೋ ಚುಕ್ಕಿ ಇರೋ ಗಡಿಯಾರ, ಆಡಿಸ್ಬೇಕು ಅಂತ ಅನ್ಸಿದಾಗ ಚುಕ್ಕಿ ಎಲ್ಲಿತ್ತು ಅಂತ ಅವ್ರು ಹೇಳ್ಬೇಕು. ಜನಕ್ಕೆ ಅನ್ಸಿದ್ದು ಕೈ ಅಲ್ಲಾಡೋಕೆ ಸುಮಾರು 200 ಮಿಲಿಸೆಕೆಂಡ್ ಮುಂಚೆ, ಆದ್ರೆ ಮಿದುಳಲ್ಲಿ ತಯಾರಿಯ ಅಲೆ ಏಳೋಕೆ ಶುರುವಾಗಿದ್ದು ಸುಮಾರು 550 ಮಿಲಿಸೆಕೆಂಡ್ ಮುಂಚೆನೇ. ಅಂದ್ರೆ ನಾನು ಡಿಸೈಡ್ ಮಾಡಿದೆ ಅಂತ ನಂಗೆ ಅನ್ಸೋ ಹೊತ್ತಿಗೆ ಒಳಗಡೆ ಗಾಡಿ ಹೊರಟಾಗಿತ್ತು. ಲಿಬೆಟ್ ಮಾತ್ರ ಅಷ್ಟಕ್ಕೇ ಕೈ ಚೆಲ್ಲಲಿಲ್ಲ, ಶುರು ಮಾಡೋದು ನಮ್ಮ ಕೈಲಿ ಇಲ್ದೇ ಇರಬಹುದು, ಆದ್ರೆ ಕೊನೇ ಕ್ಷಣದಲ್ಲಿ ಬೇಡ ಅಂತ ತಡೆಯೋಕೆ ಸಣ್ಣ ಅವಕಾಶ ಇದೆ ಅಂದ್ರು. ಮಿದುಳು ಕೊಡೋ ಆ ಅವಕಾಶ ಕಣ್ಣು ಮಿಟುಕಿಸೋಷ್ಟೂ ಇಲ್ಲ, ಸಾವಿರದ ಇನ್ನೂರು ರೂಪಾಯಿ ಡಬ್ಬಿ ಪೂರ್ತಿ ಐದು ಸೆಕೆಂಡ್ ಕೊಡತ್ತೆ!

ತಮಾಷೆ ಏನು ಅಂದ್ರೆ, ಆ ಐದು ಸೆಕೆಂಡಲ್ಲಿ ಕ್ಯಾನ್ಸಲ್ ಮಾಡೋ ಮನಸ್ಸು ನಂಗೆ ಹೆಚ್ಚು ಕಮ್ಮಿ ಬಂದೇ ಇಲ್ಲ. ಮನಸ್ಸು ಬರೋದು ಅರ್ಧ ಗಂಟೆ ಆದ್ಮೇಲೆ. ಎಣಿಸ್ತಿರೋವಾಗ ಅಲ್ಲಿ ನಿಂತಿರೋಳು ಹತ್ತು ಗಂಟೆಯವಳು, ಬುದ್ಧಿವಂತೆ, ನಾಳೆ ನೀರು ಹಿಡೀಬೇಕು ಅಂತ ನೆನಪಿರೋಳು. ಹತ್ತೂವರೆಗೆ ಹಾಸಿಗೆ ಪಕ್ಕದ ಟೇಬಲ್ ತಡಕಾಡೋಳು ಬೇರೆಯವಳು, ಅವಳನ್ನ ಯಾರೂ ಕೇಳೇ ಇರಲ್ಲ. ನೊಬೆಲ್ ಬಂದಿರೋ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಇದ್ರ ಬಗ್ಗೆ ತುಂಬಾ ಬರ್ದಿದಾರೆ, ಒಬ್ಬನೇ ಮನುಷ್ಯನ ಒಳಗೆ ಇಬ್ರು ಸರದಿ ಮೇಲೆ ಅಧಿಕಾರ ನಡೆಸ್ತಾರೆ, ಒಬ್ಬ ಇನ್ನೊಬ್ಬನ ಕೈ ಕಟ್ಟಿಹಾಕೋಕೆ ಪ್ಲ್ಯಾನ್ ಮಾಡ್ತಿರ್ತಾನೆ ಅಂತ. ಇದು ಹಳೇ ಐಡಿಯಾನೇ, ಗ್ರೀಕ್ ಕಾವ್ಯದ ವೀರ ಒಡಿಸ್ಸಿಯಸ್, ಹಾಡಿ ನಾವಿಕರನ್ನ ಸಾವಿಗೆ ಎಳೆಯೋ ಸೈರನ್ ಅನ್ನೋ ಮಾಯಾವಿಗಳ ಹಾಡು ಕೇಳೋಕೆ ತನ್ನನ್ನ ಹಡಗಿನ ಕಂಬಕ್ಕೆ ಕಟ್ಟಿಸ್ಕೊಂಡ, ಜೊತೆಗಾರರ ಕಿವಿಗೆ ಮೇಣ ಹಾಕ್ದ, ನಾನು ಬಿಚ್ಚಿ ಅಂತ ಬೇಡಿದ್ರೆ ಇನ್ನೂ ಬಿಗಿಯಾಗಿ ಕಟ್ಟಿ ಅಂತ ಮೊದ್ಲೇ ಹೇಳಿಟ್ಟಿದ್ದ. ನನ್ನ ಡಬ್ಬಿಗೆ ಆ ಕೊನೇ ಫೀಚರ್ ಇಲ್ಲ, ಬೇಡಿದ್ರೆ ಟೈಮ್ ಜಾಸ್ತಿ ಆಗಲ್ಲ. ಮುಂದಿನ ವರ್ಷನ್‌ಗೆ ಐಡಿಯಾ ಇರ್ಲಿ.

ಲಿಬೆಟ್ ವಿಷಯ ಅರ್ಧಕ್ಕೆ ಬಿಟ್ಟೆ. ನಮ್ಮ ಆಫೀಸಲ್ಲಿ ಒಬ್ರಿದಾರೆ, ಫ್ರೀ ವಿಲ್ ಎಲ್ಲ ಸುಳ್ಳು ಮೇಡಂ ಸೈನ್ಸೇ ಪ್ರೂವ್ ಮಾಡಿದೆ, ನಿಮ್ಮ ಡಬ್ಬಿನೂ ವೇಸ್ಟು ಅಂತ ಊಟದ ಟೈಮಲ್ಲಿ ಭಾಷಣ. 2008ರಲ್ಲಿ ಜರ್ಮನಿಯಲ್ಲಿ ಸ್ಕ್ಯಾನರ್ ಒಳಗೆ ಜನರನ್ನ ಮಲಗಿಸಿ ಎಡಗಡೆ ಬಟನ್ನಾ ಬಲಗಡೆ ಬಟನ್ನಾ ಅಂತ ಏಳೆಂಟು ಸೆಕೆಂಡ್ ಮುಂಚೆನೇ ಊಹೆ ಮಾಡಿದ್ರು ಅಂತ ಅವ್ರು ಹೇಳಿದ್ದು ನಿಜಾನೇ, ಆದ್ರೆ ಆ ಊಹೆ ಸರಿ ಹೋಗಿದ್ದು ನೂರಕ್ಕೆ ಅರವತ್ತರ ಹತ್ರ, ನಾಣ್ಯ ಚಿಮ್ಮಿದ್ರೇ ಐವತ್ತು ಬರತ್ತೆ. ಆಮೇಲೆ 2012ರಲ್ಲಿ ಮಿದುಳು ವಿಜ್ಞಾನಿ ಆರನ್ ಶುರ್ಗರ್ ಮತ್ತೆ ಅವ್ರ ಜೊತೆಯವ್ರು ಇನ್ನೊಂದು ವಿವರಣೆ ಕೊಟ್ರು, ಮಿದುಳಲ್ಲಿ ಯಾವಾಗ್ಲೂ ಏನೋ ಗದ್ದಲ ಏರ್ತಾ ಇಳೀತಾ ಇರತ್ತೆ, ಕೈ ಆಡಿಸೋಕೆ ಯಾವ ಕಾರಣನೂ ಇಲ್ದೇ ಇರೋವಾಗ ಆ ಗದ್ದಲ ಒಂದು ಮಟ್ಟ ದಾಟಿದ ಗಳಿಗೇಲಿ ಕೈ ಆಡತ್ತೆ, ಹಿಂದಕ್ಕೆ ಹೋಗಿ ಆವರೇಜ್ ತೆಗೆದ್ರೆ ಅದೇ ತಯಾರಿಯ ಅಲೆ ಥರ ಕಾಣತ್ತೆ ಅಂತ. ಅಂದ್ರೆ ಮಿದುಳು ಮೊದ್ಲೇ ತೀರ್ಮಾನ ಮಾಡಿತ್ತು ಅಂತ ಅಷ್ಟು ಸುಲಭಕ್ಕೆ ಹೇಳೋಕಾಗಲ್ಲ.

ನನ್ನ ತಕರಾರು ಇನ್ನೂ ಸಿಂಪಲ್. ಸುಮ್ನೆ ಕೂತು ಕೈ ಆಡಿಸೋದು ಯಾರ ಜೀವನದ ತೀರ್ಮಾನ ರೀ? ಈಗ್ಲೇ ಆಡಿಸಿದ್ರೂ ಒಂದೇ, ಆಮೇಲೆ ಆಡಿಸಿದ್ರೂ ಒಂದೇ, ಅದರಲ್ಲಿ ಕಾರಣನೇ ಇಲ್ಲ. ಡಬ್ಬಿಯ ಗುಂಡಿ ತಿರುಗಿಸೋದ್ರಲ್ಲಿ ಕಾರಣ ಇದೆ, ನೆನ್ನೆ ರಾತ್ರಿಯ ನಿದ್ದೆಗೇಡು ಇದೆ, ನಾಳಿನ ನೀರಿದೆ, ಮಗಳ ಸ್ಕೂಲ್ ವ್ಯಾನ್ ಇದೆ. ಇದೆಲ್ಲಾ ಲೆಕ್ಕ ಹಾಕಿದ್ದು ಮಿದುಳೇ ಅಂದ್ರೆ ಆಗ್ಲಿ, ಮಿದುಳು ನಂದಲ್ದೆ ಪಕ್ಕದ ಮನೆಯವ್ರದಾ. ಕಾರಣಗಳು ಇದ್ದಿದ್ರಿಂದ ನಾನು ಮಾಡ್ದೆ ಅನ್ನೋದು ನನ್ನ ಸ್ವಾತಂತ್ರ್ಯಕ್ಕೆ ಹೇಗೆ ಅಡ್ಡಿ ಬರತ್ತೆ ಅಂತ ನಂಗೆ ಅರ್ಥನೇ ಆಗಿಲ್ಲ, ಕಾರಣನೇ ಇಲ್ದೆ ಮಾಡಿದ್ರೆ ತಾನೇ ಹುಚ್ಚು ಅನ್ನೋದು. ಹಂಗಂತ ವಾದ ಪೂರ್ತಿ ಗೆದ್ದೆ ಅಂತನೂ ಅಲ್ಲ. ಜರ್ಮನ್ ದಾರ್ಶನಿಕ ಷೋಪೆನ್‌ಹೌವರ್ ಹೇಳೋ ಹಾಗೆ ಮನುಷ್ಯ ತನಗೆ ಬೇಕಾಗಿದ್ದನ್ನ ಮಾಡಬಲ್ಲ, ಆದ್ರೆ ಏನು ಬೇಕಾಗಬೇಕು ಅನ್ನೋದನ್ನ ಆರಿಸಲಾರ. ಹತ್ತು ಗಂಟೆಯವಳಿಗೆ ಆ ಬುದ್ಧಿ ಯಾಕೆ ಬಂತು ಅಂತ ಕೆದಕ್ತಾ ಹೋದ್ರೆ ನಮ್ಮಮ್ಮ ಬೆಳೆಸಿದ ರೀತಿ, ಊರು, ವಂಶ, ಅಲ್ಲಿಂದ ಆಚೆ ಇನ್ನೇನೋ, ಎಲ್ಲೂ ನಾನು ಆರಿಸಿದ್ದು ಅಂತ ಕೈಗೆ ಸಿಗಲ್ಲ.

ಅತ್ತೆ ಹತ್ರ ಇದನ್ನ ಕೇಳಿದ್ರೆ ಅವ್ರಿಗೆ ಇದೊಂದು ಸಮಸ್ಯೆನೇ ಅಲ್ಲ. ಮಾಧ್ವರ ಪ್ರಕಾರ ಜೀವನಿಗೆ ಕರ್ತೃತ್ವ ನಿಜವಾಗ್ಲೂ ಇದೆ, ಆದ್ರೆ ಅದು ಹರಿಯ ಅಧೀನ. ಜೀವ ಏನೂ ಮಾಡೋದೇ ಇಲ್ಲ ಅಂದ್ರೆ ಇದನ್ನ ಮಾಡು, ಅದನ್ನ ಮಾಡಬೇಡ ಅಂತ ಶಾಸ್ತ್ರ ಹೇಳೋದು ಯಾರಿಗೆ, ಬ್ರಹ್ಮಸೂತ್ರದಲ್ಲೇ ಇದೆ ಆ ಮಾತು ಅಂತಾರೆ. ಅತ್ತೆ, ಹಾಗಾದ್ರೆ ರೀಲ್ಸ್ ನೋಡ್ಸೋದೂ ಹರಿನೇನಾ ಅಂದೆ. ಶಕ್ತಿ ಅವನದು, ಚಟ ನಿಂದು ಅಂದ್ಬಿಟ್ರು. ಆಮೇಲೆ ಅವ್ರೇ ಗೀತೆ ಪುಸ್ತಕ ತಂದು ಕೊನೇ ಅಧ್ಯಾಯ ತೆಗೆದು ತೋರಿಸಿದ್ರು, ನೀವೂ ನೋಡಿ, ಹದಿನೆಂಟನೇ ಅಧ್ಯಾಯದ 60ರಲ್ಲಿ ಕೃಷ್ಣ, ನೀನು ಬೇಡ ಅಂದ್ರೂ ನಿನ್ನ ಸ್ವಭಾವ ನಿನ್ನ ಕೈಲಿ ಮಾಡ್ಸೇ ಮಾಡ್ಸತ್ತೆ ಅಂತಾನೆ, 61ರಲ್ಲಿ ಎಲ್ಲಾ ಜೀವಿಗಳೂ ಯಂತ್ರದ ಮೇಲೆ ಕೂತಂಗೆ ಈಶ್ವರ ತಿರುಗಿಸ್ತಾನೆ ಅಂತಾನೆ, 63ರಲ್ಲಿ ಎಲ್ಲಾ ಯೋಚ್ನೆ ಮಾಡಿ ನಿಂಗೆ ಹೇಗೆ ಬೇಕೋ ಹಾಗೆ ಮಾಡು ಅಂತಾನೆ. ಮೂರೇ ಶ್ಲೋಕದ ಅಂತರ! ಇದನ್ನ ವಿರೋಧಾಭಾಸ ಅಂತೀರೋ ಇಲ್ಲಾ ಇಡೀ ವಿಷಯ ಇರೋದೇ ಹೀಗೆ ಅಂತೀರೋ ನಿಮಗೆ ಬಿಟ್ಟಿದ್ದು, ನಂಗಂತೂ ಡಬ್ಬಿ ಮುಂದೆ ಕೂತಾಗ ಎರಡೂ ನಿಜ ಅನ್ಸತ್ತೆ.

ಇನ್ನೊಂದು ವಿಷಯ, ಅತ್ತೆಗೆ ಡಬ್ಬಿ ಬೇಕಾಗೇ ಇಲ್ಲ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೇ ತಿಂಗಳು ಮೊಸರಿಲ್ಲ, ಮೂರನೇದ್ರಲ್ಲಿ ಹಾಲಿಲ್ಲ, ನಾಲ್ಕನೇದ್ರಲ್ಲಿ ಬೇಳೆಕಾಳಿಲ್ಲ, ಅಷ್ಟೂ ತಿಂಗಳು ಫ್ರಿಜ್‌ನಲ್ಲಿ ಮೊಸರು ಕೂತೇ ಇರತ್ತೆ ನಮಗೋಸ್ಕರ, ಅದಕ್ಕೆ ಬೀಗನೂ ಇಲ್ಲ ಟೈಮರೂ ಇಲ್ಲ. ಶುರುವಲ್ಲಿ ಒಂದ್ಸಲ ಸಂಕಲ್ಪ ಮಾಡ್ತಾರೆ ಅಷ್ಟೇ. ಆಸೆ ಆಗಲ್ವಾ ಅತ್ತೆ ಅಂದ್ರೆ, ಆಗತ್ತೆ, ಆದ್ರೆ ಅದು ಈಗ ಪ್ರಶ್ನೆ ಅಲ್ವಲ್ಲ ಅಂತಾರೆ. ನಂಗೆ ಈ ಉತ್ತರದ ಮೇಲೆ ಹೊಟ್ಟೆಕಿಚ್ಚು. ಅವ್ರು ಆಸೆ ಜೊತೆ ಗುದ್ದಾಡ್ತಾನೇ ಇಲ್ಲ, ವಿಷಯ ತೀರ್ಮಾನ ಆಗಿದೆ, ಫೈಲ್ ಕ್ಲೋಸ್. ನಾನು ಪ್ರತೀ ರಾತ್ರಿ ಅದೇ ಫೈಲ್ ಓಪನ್ ಮಾಡ್ತೀನಿ, ಡಬ್ಬಿ ಮಾಡೋದು ಇಷ್ಟೇ, ಫೈಲನ್ನ ನನ್ನ ಕೈಗೆ ಸಿಗದಂಗೆ ಇಡತ್ತೆ. ಸಂಕಲ್ಪಶಕ್ತಿ ಅನ್ನೋದು ಟ್ಯಾಂಕಲ್ಲಿರೋ ನೀರಿನ ಥರ ಬಳಸ್ದಂಗೆ ಖಾಲಿ ಆಗತ್ತೆ ಅಂತ 1998ರಲ್ಲಿ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ತಂಡ ಹೇಳಿತ್ತು, ಬಿಸ್ಕೆಟ್ ಮುಂದಿಟ್ಟು ಮೂಲಂಗಿ ತಿನ್ನಿ ಅಂದ ಪ್ರಯೋಗ, ತುಂಬಾ ಫೇಮಸ್ ಆಯ್ತು, ಆಮೇಲೆ 2016ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಲ್ಯಾಬ್‌ಗಳು ಸೇರಿ ಆ ಥಿಯರಿನ ಮತ್ತೆ ಟೆಸ್ಟ್ ಮಾಡಿದಾಗ ಪರಿಣಾಮ ಹೆಚ್ಚುಕಮ್ಮಿ ಸೊನ್ನೆ. ಅತ್ತೆನ ನೋಡಿದ್ರೆ ಟ್ಯಾಂಕ್ ಲೆಕ್ಕ ನಂಗೂ ನಂಬಿಕೆ ಬರಲ್ಲ.

ಈಗ ಮುಖ್ಯ ಪಾಯಿಂಟು. ಈ ಡಬ್ಬಿನ ಒಡೀಬಹುದು. ಪ್ಲಾಸ್ಟಿಕ್ ತಾನೇ, ಸುತ್ತಿಗೆ ತಗೊಂಡು ಎರಡೇಟು ಹಾಕಿದ್ರೆ ಚೂರು ಚೂರು, ಫೋನ್ ಕೈಗೆ. ಆದ್ರೆ ಒಡ್ದಿಲ್ಲ. ಒಡೀಬೇಕು ಅಂತ ಸೀರಿಯಸ್ಸಾಗಿ ಯೋಚ್ನೆನೂ ಬಂದಿಲ್ಲ. ಇದ್ರಿಂದ ಏನು ಗೊತ್ತಾಗತ್ತೆ ಅಂದ್ರೆ ನನ್ನನ್ನ ಹನ್ನೆರಡೂವರೆವರ್ಗೂ ಎಬ್ಬಿಸಿ ಕೂರಿಸ್ತಿದ್ದ ಆ ತಡೆಯೋಕಾಗದ ಆಸೆ ಇತ್ತಲ್ಲ, ಅದರ ಬೆಲೆ ಸಾವಿರದ ಇನ್ನೂರು ರೂಪಾಯಿಗಿಂತ ಕಮ್ಮಿ! ಇಂಗ್ಲಿಷ್ ಕಾನೂನಿನ ಕಡೆಯಲ್ಲಿ ಇಂಥದ್ದೇ ಒಂದು ಪರೀಕ್ಷೆ ಇದೆ, ನನಗೆ ತಡ್ಕೊಳೋಕಾಗ್ಲಿಲ್ಲ ಸ್ವಾಮಿ ಅಂತ ಆರೋಪಿ ಹೇಳಿದ್ರೆ, ಪಕ್ಕದಲ್ಲೇ ಪೊಲೀಸ್ ನಿಂತಿದ್ರೂ ಮಾಡ್ತಿದ್ಯಾ ಅಂತ ಕೇಳೋದು. ಮಾಡ್ತಿರ್ಲಿಲ್ಲ ಅಂದ್ರೆ ತಡ್ಕೊಳೋಕೆ ಆಗ್ತಿತ್ತು ಅಂತ ಆಯ್ತು. ನಮ್ಮ ದೇಶದ ಕಾನೂನಲ್ಲೂ ಬರೀ ಆವೇಶ ತಡೆಯೋಕಾಗ್ಲಿಲ್ಲ ಅನ್ನೋದೊಂದೇ ಶಿಕ್ಷೆಯಿಂದ ತಪ್ಪಿಸಲ್ಲ, ಏನ್ ಮಾಡ್ತಿದೀನಿ ಅಂತ ತಿಳಿಯೋ ಸ್ಥಿತೀಲಿ ಇದ್ನಾ ಅಂತ ನೋಡ್ತಾರೆ. ಹಾಗಾಗಿ ಡಬ್ಬಿ ನನ್ನ ಆಯ್ಕೆನ ಕಿತ್ಕೊಂಡಿಲ್ಲ, ಆಯ್ಕೆಗೆ ಒಂದು ರೇಟ್ ಹಾಕಿದೆ, ಫೋನ್ ಕಂಪನಿಯವ್ರು ಸೊನ್ನೆ ಮಾಡಿಟ್ಟಿದ್ದ ರೇಟನ್ನ ಸ್ವಲ್ಪ ಮೇಲಕ್ಕೆ ಎತ್ತಿದೆ.

ಸೊನ್ನೆ ಮಾಡಿದ್ರು ಅಂದಿದ್ದು ಸುಮ್ನೆ ಅಲ್ಲ. ಕೊನೆಯೇ ಇಲ್ದಂಗೆ ಕೆಳಗೆ ಹೋಗ್ತಾನೇ ಇರೋ ಸ್ಕ್ರೋಲ್ ಇದ್ಯಲ್ಲ, ಅದನ್ನ 2006ರಲ್ಲಿ ಡಿಸೈನ್ ಮಾಡಿದ ಏಜಾ ರಾಸ್ಕಿನ್ ಅನ್ನೋರೇ ಆಮೇಲೆ ಅದರ ಬಗ್ಗೆ ಬೇಜಾರು ಮಾಡ್ಕೊಂಡಿದಾರೆ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದೂ ಇದೇ, ಪ್ರತೀಸಲ ಕಾಳು ಸಿಗೋದಕ್ಕಿಂತ ಯಾವಾಗ ಸಿಗತ್ತೆ ಅಂತ ಗೊತ್ತಾಗದೇ ಇದ್ರೆ ಅವು ಬಿಡದೆ ಕುಕ್ತಾ ಇರ್ತವೆ. ಹತ್ತು ಕೆಟ್ಟ ವಿಡಿಯೋ ಆದ್ಮೇಲೆ ಒಂದು ಒಳ್ಳೇದು. ಆಗ ಪ್ರಶ್ನೆ ಏಳತ್ತೆ, ಆ ಆಸೆ ನಂದಾ ಅವ್ರದ್ದಾ ಅಂತ. ಪಾರ್ಕಿನ್ಸನ್ ಕಾಯಿಲೆಗೆ ಕೊಡೋ, ಮಿದುಳಲ್ಲಿರೋ ಡೋಪಮೈನ್ ಅನ್ನೋ ರಾಸಾಯನಿಕದ ಥರ ಕೆಲಸ ಮಾಡೋ ಕೆಲವು ಮಾತ್ರೆ ತಗೊಂಡವ್ರಲ್ಲಿ ಕೆಲವ್ರಿಗೆ ಜೀವಮಾನದಲ್ಲಿ ಇಲ್ದಿದ್ದ ಜೂಜಿನ ಹುಚ್ಚು ಶುರುವಾಗತ್ತೆ, ಮಾತ್ರೆ ಕಮ್ಮಿ ಮಾಡಿದ್ರೆ ಅಥವಾ ನಿಲ್ಲಿಸಿದ್ರೆ ಎಷ್ಟೋ ಜನಕ್ಕೆ ಹುಚ್ಚೂ ಇಳಿಯತ್ತೆ, ಇದು ವೈದ್ಯರಿಗೆ ಚೆನ್ನಾಗಿ ಗೊತ್ತಿರೋ ಅಡ್ಡಪರಿಣಾಮ. ಆ ಹೊತ್ತಲ್ಲಿ ಅವ್ರಿಗೂ ಅದು ತಮ್ಮದೇ ಆಸೆ ಅಂತಾನೇ ಅನ್ಸಿರತ್ತೆ ಅಲ್ವಾ.

ಇದಕ್ಕೆ ನಂಗೆ ಸಿಕ್ಕಿರೋ ಸಮಾಧಾನದ ಉತ್ತರ ಹ್ಯಾರಿ ಫ್ರಾಂಕ್‌ಫರ್ಟ್ ಅನ್ನೋ ಅಮೆರಿಕದ ತತ್ವಶಾಸ್ತ್ರಜ್ಞ 1971ರಲ್ಲಿ ಬರೆದಿದ್ದು. ಪ್ರಾಣಿಗಳಿಗೂ ಆಸೆ ಇರತ್ತೆ, ಮನುಷ್ಯನಿಗೆ ತನ್ನ ಆಸೆಗಳ ಮೇಲೂ ಇನ್ನೊಂದು ಆಸೆ ಇರತ್ತೆ. ಮಾದಕ ಚಟ ಇರೋವ್ರಲ್ಲಿ ಒಬ್ಬನಿಗೆ ಈ ಚಟ ನಂಗೆ ಬೇಡಪ್ಪಾ ಅಂತ ಇರತ್ತೆ, ಇನ್ನೊಬ್ಬನಿಗೆ ಚಟ ಇದ್ರೇನೇ ಖುಷಿ, ಇಬ್ರೂ ತಗೊಳೋದು ಅದೇ ವಸ್ತು, ಆದ್ರೆ ಮೊದಲನೆಯವನು ತನ್ನ ಆಸೆ ಕೈಯಲ್ಲಿ ತಾನೇ ಸೋತಿರೋನು. ಡಬ್ಬಿ ಕೊಂಡ್ಕೊಳೋರೆಲ್ಲ ಮೊದಲನೇ ಜಾತಿ. ನನ್ನ ತಮ್ಮ ಎರಡನೇ ಜಾತಿ, ಅವನು ನಮ್ಮನೆಗೆ ಬಂದಾಗ ಅಕ್ಕ ನಂಗೂ ಟ್ರೈ ಮಾಡೋಕೆ ಕೊಡು ಅಂತ ಸಿಗರೇಟ್ ಪ್ಯಾಕ್ ಒಳಗಿಟ್ಟು ನಾಳೆ ಬೆಳಿಗ್ಗೆವರ್ಗೂ ಅಂತ ಲಾಕ್ ಮಾಡ್ದ, ಭಾರಿ ಹೆಮ್ಮೆಯಿಂದ ಎಲ್ರಿಗೂ ತೋರಿಸ್ದ, ಕಾಲು ಗಂಟೆಗೆ ಚಪ್ಪಲಿ ಹಾಕ್ಕೊಂಡು ಮೂಲೆ ಅಂಗಡಿಗೆ ಹೋಗಿ ಸಿಂಗಲ್ ತಗೊಂಡು ಸೇದ್ಕೊಂಡು ಬಂದ. ಬಿಡಿ ಸಿಗರೇಟ್ ಮಾರಬಾರ್ದು ಅಂತ ಕರ್ನಾಟಕದಲ್ಲಿ ರೂಲ್ ಇದೆ, ಅದು ಬೇರೆ ಮಾತು. ಡಬ್ಬಿದೇನೂ ತಪ್ಪಿಲ್ಲ, ಅವನ ಒಳಗೆ ಬೇಡ ಅನ್ನೋನು ಇನ್ನೂ ಹುಟ್ಟಿಲ್ಲ.

ಜಾನ್ ಲಾಕ್ ಅಂತ, ಹೆಸರೇ ಸರಿಯಾಗಿದೆ ನೋಡಿ, ಹದಿನೇಳನೇ ಶತಮಾನದ ಇಂಗ್ಲಿಷ್ ದಾರ್ಶನಿಕ, ಅವನ ಒಂದು ಉದಾಹರಣೆ ಈ ಡಬ್ಬಿಗೇ ಬರೆದಂಗಿದೆ. ನಿದ್ದೆ ಮಾಡ್ತಿರೋ ಒಬ್ಬನನ್ನ ಎತ್ಕೊಂಡು ಹೋಗಿ ಒಂದು ರೂಮಲ್ಲಿ ಹಾಕಿ ಹೊರಗಡೆಯಿಂದ ಬೀಗ ಹಾಕ್ತಾರೆ, ಅಲ್ಲಿ ಅವನು ಮಾತಾಡ್ಸೋಕೆ ಹಂಬಲಿಸ್ತಿದ್ದ ಮನುಷ್ಯನೇ ಇದಾನೆ, ಎಚ್ಚರ ಆದ್ಮೇಲೆ ಇವನು ಖುಷಿಯಾಗಿ ಅಲ್ಲೇ ಕೂತು ಹರಟೆ ಹೊಡೀತಾನೆ. ಬಾಗಿಲು ಹಾಕಿದೆ ಅಂತ ಅವನಿಗೆ ಗೊತ್ತೇ ಇಲ್ಲ. ಇರೋದು ಇಷ್ಟಪಟ್ಟೇ, ಆದ್ರೆ ಹೋಗೋ ಸ್ವಾತಂತ್ರ್ಯ ಇಲ್ಲ. ನಾನು ಡಬ್ಬಿ ಲಾಕ್ ಮಾಡಿ ಮಲಗಿ ಗಾಢ ನಿದ್ದೆ ಬಂದಾಗ ನನ್ನ ಕಥೆನೂ ಅದೇ, ಫೋನ್ ಬೇಕಿಲ್ಲ, ಬೇಕಾದ್ರೂ ಸಿಗಲ್ಲ. ಒಂದೇ ವ್ಯತ್ಯಾಸ, ಬೀಗ ಹಾಕಿದವಳು ನಾನೇ.

ಆ ಒಂದು ವ್ಯತ್ಯಾಸನೇ ಎಲ್ಲಾ ಅಂತ ನನ್ನ ಅಭಿಪ್ರಾಯ, ಅದಕ್ಕೇ ಮಕ್ಕಳ ಫೋನ್ ಕಿತ್ತಿಡೋಕೆ ಇದನ್ನ ತಗೋಬೇಡಿ. ಮಾರೋವ್ರು ಫೋಟೋದಲ್ಲಿ ಅದನ್ನೇ ಹಾಕ್ತಾರೆ, ಅಪ್ಪ ಅಮ್ಮ ನಗ್ತಿದಾರೆ, ಹುಡುಗ ಪುಸ್ತಕ ಓದ್ತಿದಾನೆ, ಸುಳ್ಳು. ಬೇರೆಯವ್ರು ತಿರುಗಿಸಿದ ಗುಂಡಿ ಬರೀ ಜೈಲು. ನಮ್ಮನೇಲಿ ಇವ್ರು ಒಂದ್ಸಲ ಮಗಳ ಟ್ಯಾಬ್ ಒಳಗಿಟ್ಟು ಲಾಕ್ ಮಾಡಿದ್ರು, ಅವಳು ಅಷ್ಟು ಹೊತ್ತೂ ಡಬ್ಬಿ ಮುಂದೆನೇ ಕೂತು ನಿಮಿಷ ಎಣಿಸಿದ್ಲು, ಓದಿದ್ದು ಸೊನ್ನೆ. ಪರೀಕ್ಷೆ ಟೈಮಲ್ಲಿ ಅವಳೇ ಬಂದು ಅಮ್ಮ ಒಂದು ಗಂಟೆ ಇಡ್ತೀನಿ ಅಂತ ತಾನೇ ತಿರುಗಿಸಿದಾಗ ಕೂತು ಗಣಿತ ಮಾಡಿದ್ಲು. ಡಬ್ಬಿ ಅದೇ, ಚಿಲಕ ಅದೇ. ಇನ್ನು ಫೋನ್ ಸಿಗ್ಲಿಲ್ಲ ಅಂದ್ರೆ ಕೈ ನಡುಗೋದು, ಸಿಟ್ಟಲ್ಲಿ ವಸ್ತು ಎಸೆಯೋದು, ಸ್ಕೂಲೇ ಬಿಡೋದು ಈ ಮಟ್ಟಕ್ಕೆ ಹೋಗಿದ್ರೆ ಡಬ್ಬಿ ಅಲ್ಲ ಡಾಕ್ಟ್ರು ಬೇಕು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ 2014ರಿಂದ ಶಟ್ ಅನ್ನೋ ಕ್ಲಿನಿಕ್ ಇದೆ.

ತೊಂದರೆಗಳು ಇವೆ. ದೊಡ್ಡದು ಓಟಿಪಿ, ಲ್ಯಾಪ್‌ಟಾಪಲ್ಲಿ ಕರೆಂಟ್ ಬಿಲ್ ಕಟ್ಟೋಕೆ ಕೂತ್ರೆ ಓಟಿಪಿ ಡಬ್ಬಿ ಒಳಗೆ ಟಿಂಗ್ ಅನ್ನತ್ತೆ, ಏನೂ ಮಾಡೋಕಾಗಲ್ಲ. ಊರಲ್ಲಿ ವಯಸ್ಸಾದವ್ರು ಇದ್ರೆ ರಾತ್ರಿ ಫೋನ್ ಬರಬಹುದು ಅನ್ನೋ ಭಯ ಇರತ್ತೆ, ನಾವು ಮನೇಲಿ ಒಂದು ಹಳೇ ಬಟನ್ ಫೋನ್ ಹೊರಗಿಟ್ಟು ಆ ನಂಬರ್ ಹತ್ತಿರದವ್ರಿಗೆ ಮಾತ್ರ ಕೊಟ್ಟಿದೀವಿ, ಅದಿಲ್ದೆ ಈ ಡಬ್ಬಿ ಬಳಸ್ಬೇಡಿ. ಲ್ಯಾಪ್‌ಟಾಪಲ್ಲಿ ವಾಟ್ಸಾಪ್ ಓಪನ್ ಇದ್ರೆ ಡಬ್ಬಿ ಇದ್ದೂ ಇಲ್ಲದಂಗೆ. ಬ್ಯಾಟರಿ ಲಾಕ್ ಆಗಿದ್ದಾಗ ಖಾಲಿ ಆದ್ರೆ ಹೊಸದು ಹಾಕೋವರ್ಗೂ ತೆಗೆಯೋಕಾಗಲ್ಲ, ಒಂದು ಜೊತೆ ಮನೇಲಿ ಇಟ್ಟಿರಿ. ನಂಗೆ ಮೊದ್ಲು ಬಂದ ಪೀಸಲ್ಲಿ ಮುಚ್ಚಳ ಒಂದು ಕಡೆ ಸರಿಯಾಗಿ ಕೂರ್ತಿರ್ಲಿಲ್ಲ, ಬದಲಾಯಿಸಿ ಕೊಟ್ರು, ಆದ್ರೆ ಫೋನ್ ಮಾಡಿ ಮಾಡಿ ಸಾಕಾಯ್ತು. ಇನ್ನು ಫೋನಲ್ಲೇ ಇರೋ ಸ್ಕ್ರೀನ್ ಟೈಮ್ ಲಿಮಿಟ್ ಸಾಕಲ್ವಾ ಅಂದ್ರೆ, ಇವತ್ತಿಗೆ ಬಿಟ್ಬಿಡು ಅನ್ನೋ ಆಪ್ಷನ್ ಅದೇ ಸ್ಕ್ರೀನಲ್ಲೇ ಇರತ್ತೆ, ಕಳ್ಳನ ಕೈಗೇ ಕೀಲಿ.

ತಗೊಳೋದಾದ್ರೆ ಒಂದೇ ಮಾತು, ಪಾರದರ್ಶಕ ಡಬ್ಬಿ ಬೇಡ, ಒಳಗಡೆ ಕಾಣದಿರೋ ಬಿಳಿ ಬಣ್ಣದ್ದು ತಗೊಳಿ. ಈಗ ಒಂದು ತಿಂತೀಯಾ, ಕಾದ್ರೆ ಎರಡು ಕೊಡ್ತೀನಿ ಅಂತ ಮಕ್ಕಳ ಮುಂದೆ ಸಿಹಿ ಇಟ್ಟು ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಮಾಡಿದ ಸ್ಟ್ಯಾನ್‌ಫರ್ಡ್ ಪ್ರಯೋಗ ಕೇಳಿರ್ತೀರಿ. ಕಾದ ಮಕ್ಕಳು ದೊಡ್ಡವರಾದ್ಮೇಲೆ ಉದ್ಧಾರ ಆದ್ರು ಅನ್ನೋ ಭಾಗ 2018ರಲ್ಲಿ ದೊಡ್ಡ ಮಟ್ಟದಲ್ಲಿ ಮತ್ತೆ ನೋಡಿದಾಗ ತುಂಬಾ ತೆಳುವಾಯ್ತು, ಮನೆಯ ಪರಿಸ್ಥಿತಿ ಲೆಕ್ಕಕ್ಕೆ ತಗೊಂಡ್ರೆ ಹೆಚ್ಚೇನೂ ಉಳೀಲಿಲ್ಲ. ಆದ್ರೆ ಮಿಶೆಲ್ ಶುರುವಲ್ಲೇ ಕಂಡಿದ್ದ ಇನ್ನೊಂದು ವಿಷಯ ಇದೆ, ಸಿಹಿ ಕಣ್ಣಿಗೆ ಕಾಣ್ತಿದ್ದಾಗ ಮಕ್ಕಳು ಬೇಗ ಸೋತ್ರು, ಮುಚ್ಚಿಟ್ಟಾಗ ತುಂಬಾ ಹೊತ್ತು ಕಾದ್ರು. ನನ್ನ ಗೆಳತಿ ಹತ್ರ ಇರೋದು ಪಾರದರ್ಶಕದ್ದು, ನೋಟಿಫಿಕೇಷನ್ ಬಂದಾಗೆಲ್ಲ ಒಳಗಡೆ ಸ್ಕ್ರೀನ್ ಬೆಳಗತ್ತೆ, ಅವಳು ಡಬ್ಬಿ ಎತ್ಕೊಂಡು ಓರೆ ಮಾಡಿ ಮೆಸೇಜ್ ಓದ್ತಾಳೆ. ಬಿಳಿದು ಸುಮಾರು ನೂರು ರೂಪಾಯಿ ಜಾಸ್ತಿ, ಕೊಡಿ ಪರವಾಗಿಲ್ಲ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಆ ಮುಚ್ಚಳಕ್ಕೆ.